ಬಂದೂಕಿನ ಹಳೆಯ ಹಿಡಿ

ಮರದ ಡಿಪೋದ ಯಜಮಾನ ತನ್ನ ಬಂದೂಕನ್ನು ಬಡಗಿಯ ಮುಂದಿಟ್ಟ. ಭುಜಕ್ಕೆ ಆನಿಸುವ ಮರದ ಹಿಡಿ ಉದ್ದಕ್ಕೆ ಸೀಳಿತ್ತು.

"ಕೈ ಜಾರಿ ಬಿತ್ತು. ಅಂಟು ಹಾಕಿ, ಬಿರುಕು ಕಾಣದ ಹಾಗೆ ಪಾಲಿಶ್ ಮಾಡಿಕೊಡು."

ಬಡಗಿ ಬಿರುಕನ್ನು ಬೆಳಕಿಗೆ ಹಿಡಿದ. ಒಳಗೆ ಒಣಗಿದ ರಕ್ತ, ಅದಕ್ಕಂಟಿದ ಎರಡು ಕೂದಲು. ಅದೇ ಡಿಪೋದ ಕಾವಲುಗಾರನಾಗಿದ್ದ ಬಡಗಿಯ ಅಳಿಯ, ಕಳ್ಳಮರದ ಲಾರಿ ತಡೆದ ದಿನದಿಂದ ತಲೆಯೊಡೆದು ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದ. ಏಣಿಯಿಂದ ಬಿದ್ದನೆಂದು ಊರಿಗೆಲ್ಲ ಹೇಳಿದ್ದ ಯಜಮಾನ, ಆತ ಯಾರ ಮನೆಯ ಅಳಿಯನೆಂದು ವಿಚಾರಿಸಿರಲಿಲ್ಲ.

ಬಡಗಿ ಹಲ್ಲು ಕಚ್ಚಿಕೊಂಡು ದನಿ ತಗ್ಗಿಸಿದ. "ಇದು ಅಂಟಿಗೆ ನಿಲ್ಲಲ್ಲ ಯಜಮಾನ್ರೇ. ಹೊಸ ಮರಾನೇ ಕೂರಿಸಿಕೊಡ್ತೀನಿ."

"ಹಳೇದು?"

"ಒಲೆಗೆ ಹಾಕ್ತೀನಿ."

ನಾಲ್ಕು ದಿನ ಕೂತು ಕೆತ್ತಿದ. ಜೀವಮಾನದಲ್ಲಿ ಅಷ್ಟು ಚೆಂದದ ಕೆಲಸ ಅವನ ಕೈಯಿಂದ ಬಂದಿರಲಿಲ್ಲ. ಯಜಮಾನ ಹೊಸ ಹಿಡಿಯನ್ನು ಸವರಿ, ಮೀಸೆಯಡಿ ನಕ್ಕು ಹೋದ. ಅವನು ತಿರುವು ದಾಟುತ್ತಲೇ ಬಡಗಿ ಹಳೆಯ ಹಿಡಿಯನ್ನು ಬಟ್ಟೆಯಲ್ಲಿ ಸುತ್ತಿ, ಮಗಳನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ನಡೆದ.

ವಾರದ ಮೇಲೆ ಯಜಮಾನನನ್ನು ಡಿಪೋದ ಬಾಗಿಲಲ್ಲೇ ಜೀಪು ಹತ್ತಿಸಿದರು. ಅಪ್ಪ, ಮಗಳು ಎದುರು ಬದಿಯಲ್ಲಿ ನಿಂತು ಕಣ್ತುಂಬ ನೋಡಿದರು.

"ಹೊಟ್ಟೆ ತಣ್ಣಗಾಯ್ತೇನಮ್ಮ?"

"ಇನ್ನೂ ಇಲ್ಲಪ್ಪ. ಶಿಕ್ಷೆ ಆಗೋದನ್ನೂ ನೋಡ್ಬೇಕು."