ಬಾಣಂತಿ ಅಳಬಾರದು

ಭಾಗ್ಯಜ್ಯೋತಿಗೆ ತನ್ನ ಕೂಸಿನ ಮೇಲೆ ಮಾಯೆ ಮಮತೆ ಹುಟ್ಟಿರಲಿಲ್ಲ. ಇದನ್ನು ಹೀಗೆ ನೇರವಾಗಿ ಹೇಳಿದರೆ ತವರೂರು ಕಮತಗಿಯ ಆ ಓಣಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬಿದವರು ಆಮೇಲೆ ಅವಳ ಮನೆಯ ನೀರು ಕುಡಿಯುತ್ತಿರಲಿಲ್ಲ. ಅದಕ್ಕೇ ಅವಳು ಬಾಯಿ ಬಿಟ್ಟಿರಲಿಲ್ಲ. ಮೂರು ತಿಂಗಳು ತುಂಬುತ್ತ ಬಂದ ಗಂಡು ಕೂಸು. ಗುಂಡುಗುಂಡಾಗಿತ್ತು, ಹೊಟ್ಟೆ ತುಂಬ ಕುಡಿಯುತ್ತಿತ್ತು, ಯಾರು ಎತ್ತಿಕೊಂಡರೂ ನಗುತ್ತಿತ್ತು. ಅವಳು ಹಾಲು ಕೊಡುತ್ತಿದ್ದಳು, ತೊಳೆಯುತ್ತಿದ್ದಳು, ಮಲಗಿಸುತ್ತಿದ್ದಳು. ನೆರೆಯವರು ಊರಿಗೆ ಹೋಗುವಾಗ ಬಿಟ್ಟುಹೋದ ಕೂಸನ್ನು ನೋಡಿಕೊಳ್ಳುವ ಹಾಗೆ ಎಲ್ಲವನ್ನೂ ಜೋಪಾನವಾಗಿ ಮಾಡುತ್ತಿದ್ದಳು. ಮುಖ ಮಾತ್ರ ನೋಡುತ್ತಿರಲಿಲ್ಲ. ಹಾಲು ಕುಡಿಸುವಾಗ ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದಳು.

ಹಿತ್ತಲ ಬಾವಿಯ ಕಡೆ ಕೂಸನ್ನು ಎತ್ತಿಕೊಂಡು ಹೋಗಬಾರದು ಎಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡಿದ್ದಳು. ಯಾಕೆಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯ ಅವಳಿಗೆ ಇರಲಿಲ್ಲ.

ಅವಳ ತಾಯಿ ಮಾದೇವಿಯ ಬಾಣಂತನ ಎಂದರೆ ಓಣಿಯಲ್ಲಿ ಹೆಸರಾದದ್ದು. ಮೈ ಸುಡುವಷ್ಟು ಬಿಸಿ ನೀರು, ಹೊರಸಿನ ಕೆಳಗೆ ಕೆಂಡದ ಶೆಗಡಿ, ಕಿವಿಗೆ ಅರಳೆ, ತಲೆಗೆ ಬಿಗಿಯಾಗಿ ರುಮಾಲು. ಎಲ್ಲಕ್ಕಿಂತ ಮುಖ್ಯವಾದದ್ದು ಹೊಟ್ಟೆ ಕಟ್ಟುವುದು. ಹಳೆಯ ಇಳಕಲ್ ಸೀರೆಯೊಂದನ್ನು ಮಡಚಿ, ಮಗಳ ನಡುವಿಗೆ ಸುತ್ತಿ, ಮಂಡಿಯೂರಿ ಎಳೆದು ಗಂಟು ಹಾಕುತ್ತಿದ್ದಳು. ಗಾಳಿ ಹೊಕ್ಕರೆ ಹೊಟ್ಟೆ ಜೋತುಬೀಳುತ್ತದೆ, ಜೀವಮಾನವಿಡೀ ನಡು ನೋಯುತ್ತದೆ ಎಂಬುದು ಅವಳ ಶಾಸ್ತ್ರ. ಉಸಿರು ಪಕ್ಕೆಲುಬಿನ ತನಕ ಬಂದು ಅಲ್ಲಿಂದಲೇ ವಾಪಸು ಹೋಗುತ್ತಿತ್ತು. ಇದೆಲ್ಲದರ ಮೇಲೆ ಇನ್ನೊಂದು ನೇಮವಿತ್ತು: ಬಾಣಂತಿ ಅಳಬಾರದು. ಅತ್ತರೆ ಹಾಲಿಗೆ ನಂಜು ಇಳಿಯುತ್ತದೆ, ತಲೆಗೆ ಸನ್ನಿ ಏರುತ್ತದೆ. ಸನ್ನಿ ಏರಿದ ಬಾಣಂತಿ ತಾನು ಹೆತ್ತದ್ದನ್ನೇ ಗುರುತಿಸುವುದಿಲ್ಲವಂತೆ. ಓಣಿಯ ಹೆಂಗಸರಲ್ಲಿ ಒಬ್ಬೊಬ್ಬರೂ ಒಂದೊಂದು ದವಾಖಾನೆ. ಇಂಥ ಕತೆಗಳಿಗೆ ಅಲ್ಲಿ ಬರವೇ ಇರಲಿಲ್ಲ.

ಎರಡು ವರ್ಷದ ಹಿಂದೆ ಮೊದಲ ಕೂಸು ಬಾಗಲಕೋಟೆಯ ದವಾಖಾನೆಯಲ್ಲಿ ಉಸಿರಿಲ್ಲದೆ ಹುಟ್ಟಿತ್ತು. ಹೆಣ್ಣು ಕೂಸು. ಸತ್ತ ಕೂಸನ್ನು ಹೆತ್ತವಳಿಗೆ ತೋರಿಸಬಾರದು, ತೋರಿಸಿದರೆ ಮುಂದಿನ ಬಸಿರಿಗೆ ಕೇಡು ಎಂದು ಬಟ್ಟೆಯಲ್ಲಿ ಸುತ್ತಿ ಗಂಡಸರ ಕೈಗೆ ಕೊಟ್ಟುಬಿಟ್ಟರು. ಅವಳಿಗೆ ಕಂಡದ್ದು ಬಾಗಿಲು ದಾಟಿ ಹೋದ ಗಂಡನ ಬೆನ್ನು ಮಾತ್ರ. ಮನೆಗೆ ಬಂದಮೇಲೆ ಹಾಲು ಇಂಗಲೆಂದು ಎದೆಗೆ ಮಲ್ಲಿಗೆ ಹೂವಿಟ್ಟು ಕಟ್ಟಿದರು, ಹೊಟ್ಟೆಯನ್ನೂ ಕಟ್ಟಿದರು. ಅಳಬ್ಯಾಡ, ಮುಂದಿನದಕ್ಕ ನಂಜಾಕ್ಕೈತಿ ಎಂದರು. ಭಾಗ್ಯಜ್ಯೋತಿ ಅಳಲಿಲ್ಲ. ಹೇಳಿದ ಮಾತು ಕೇಳುವ ಹುಡುಗಿ ಅವಳು, ಕೇಳಿಯೇ ಕೆಟ್ಟಳು.

ಹೀಗಿರುವಾಗ ಅವಳ ನಡು ಹಿಡಿದುಕೊಂಡಿತು. ತೊಟ್ಟಿಲಿನಿಂದ ಕೂಸನ್ನು ಎತ್ತಲು ಬಾಗಿದವಳು ಅರ್ಧಕ್ಕೇ ನಿಂತುಬಿಟ್ಟಳು, ಮೇಲೇಳಲು ಆಗಲಿಲ್ಲ. ನಡು ನೋವೆಂದರೆ ಮಾದೇವಿಗೆ ಅರ್ಥವಾಗುವ ಸಂಕಟ. ಹುನಗುಂದದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಅವರು ಮಾತ್ರೆಯ ಜೊತೆಗೆ ವ್ಯಾಯಾಮವನ್ನೂ ಬರೆದುಕೊಟ್ಟು, ಅದೇ ಕಟ್ಟಡದಲ್ಲಿ ಅದನ್ನು ಹೇಳಿಕೊಡುವ ಫರಹಾನಾ ಎಂಬ ಹೆಣ್ಣುಮಗಳ ಹತ್ತಿರ ವಾರಕ್ಕೊಮ್ಮೆ ಬರಲು ಹೇಳಿದರು. ಮಾದೇವಿ ಬಸ್ಸಿನಲ್ಲಿ ಮಗಳ ಜೊತೆ ಬಂದು, ಕೂಸನ್ನು ಮಡಿಲಲ್ಲಿಟ್ಟುಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಿದ್ದಳು.

ಫರಹಾನಾ ಮೊದಲು ಮಾಡಿದ್ದು ಆ ಸೀರೆಯ ಕಟ್ಟನ್ನು ಬಿಚ್ಚಿಸಿದ್ದು. ನೆಲದ ಚಾಪೆಯ ಮೇಲೆ ಅಂಗಾತ ಮಲಗಲು ಹೇಳಿದಳು, ಮೊಣಕಾಲು ಮಡಿಸಲು ಹೇಳಿದಳು. ಬೆನ್ನು ಎಲ್ಲೆಲ್ಲಿ ನೆಲಕ್ಕೆ ತಾಗಿದೆ, ಎಲ್ಲೆಲ್ಲಿ ಇಲ್ಲ ಎಂದು ಕೇಳಿದಳು. ಭಾಗ್ಯಜ್ಯೋತಿಗೆ ಸಿಟ್ಟು ಬಂತು. ಬೆನ್ನು ಎಂದರೆ ಬೆನ್ನು, ಅದರಲ್ಲಿ ಕೇಳುವುದೇನಿದೆ? ಎರಡೂ ಮೊಣಕಾಲುಗಳನ್ನು ಒಂದು ಕಡೆಗೆ ನಿಧಾನವಾಗಿ ವಾಲಿಸಬೇಕು, ಉಸಿರು ಬಿಡುವಾಗ ಮತ್ತೆ ತರಬೇಕು. ಅವಳು ಕೆಲಸ ತೀರಿಸುವವಳ ಹಾಗೆ ಪೂರ್ತಿ ನೆಲಕ್ಕೆ ತಾಗಿಸಿದಳು. ಫರಹಾನಾ ತಡೆದಳು.

"ಅರ್ಧಾ ಮಾಡ್ರಿ. ಇನ್ನೊಮ್ಮೆ ಮಾಡುವಾಗ ಅದರಾಗ ಅರ್ಧಾ. ನೋವಿನ ಬಾಗಲಾ ಬಡೀಬ್ಯಾಡ್ರಿ."

ಅರ್ಧ ಮಾಡುವುದು ಅವಳಿಗೆ ಗೊತ್ತಿರಲಿಲ್ಲ. ನೀರು ತಂದರೆ ಕೊಡ ತುಂಬ, ರೊಟ್ಟಿ ಬಡಿದರೆ ಬುಟ್ಟಿ ತುಂಬ. ಅರ್ಧ ಮಾಡಿದವಳಿಗೆ ಮೈಗಳ್ಳಿ ಎಂಬ ಹೆಸರು. ಆದರೂ ಮಾಡಿದಳು. ಏನೂ ಆಗಲಿಲ್ಲ. ಹೊರಡುವ ಮೊದಲು ಬಚ್ಚಲಿಗೆ ಹೋಗಿ ಹೊಟ್ಟೆಯ ಕಟ್ಟನ್ನು ಮತ್ತೆ ಬಿಗಿದುಕೊಂಡು ಬಂದಳು, ಅವ್ವನಿಗೆ ತಿಳಿಯದ ಹಾಗೆ.

ಮುಂದಿನ ವಾರ ಆಕಳಿಕೆ ಶುರುವಾಯಿತು. ಮೊಣಕಾಲು ಒಂದಿಷ್ಟು ವಾಲಿದರೆ ಸಾಕು, ದವಡೆ ಕಳಚಿ ಬೀಳುವ ಹಾಗೆ ಆಕಳಿಕೆ. ಹೊಟ್ಟೆ ಗುಡುಗುಡು ಎಂದಿತು, ಅವಳಿಗೆ ನಾಚಿಕೆಯಾಯಿತು. ಉಸಿರು ಪಕ್ಕೆಲುಬು ದಾಟಿ ಕೆಳಗಿಳಿದು ಕಿಬ್ಬೊಟ್ಟೆಯನ್ನು ಮುಟ್ಟಿದಾಗ ಅವಳು ಬೆಚ್ಚಿಬಿದ್ದಳು. ಅಲ್ಲಿ ಯಾರೋ ಇದ್ದ ಹಾಗಾಯಿತು. ಎದ್ದು ಕುಳಿತು, ಇವತ್ತಿಗೆ ಸಾಕ್ರಿ ಎಂದಳು. ಫರಹಾನಾ ಯಾಕೆಂದು ಕೇಳಲಿಲ್ಲ. ಅವಳು ಕೇಳದಿದ್ದದ್ದಕ್ಕೇ ಭಾಗ್ಯಜ್ಯೋತಿ ಮತ್ತೊಂದು ವಾರ ಹೋದಳು. ಆ ವಾರ ತೊಡೆಗಳು ತಾವಾಗಿಯೇ ನಡುಗತೊಡಗಿದವು. ಚಳಿಯಿಲ್ಲ, ಜ್ವರವಿಲ್ಲ. ಅವಳು ಎರಡೂ ಕೈಯಿಂದ ಮೊಣಕಾಲು ಒತ್ತಿ ಹಿಡಿಯಲು ಹೋದಳು.

"ಹಿಡೀಬ್ಯಾಡ್ರಿ," ಎಂದಳು ಫರಹಾನಾ. "ಎಳೀಲೂ ಬ್ಯಾಡ್ರಿ. ಭಾಳ ದಿನದ್ದು ಇರಬೇಕದು, ಹೊರಗ ಬರಾಕತ್ತೈತಿ. ಹೆಚ್ಚಾತಂದ್ರ ಕಣ್ಣ ತೆರದು ಗ್ವಾಡಿ ನೋಡ್ರಿ, ಕಾಲ ಚಾಚಿ ಬಿಡ್ರಿ, ನಿಂದರತೈತಿ."

ಖರೆ, ಕಾಲು ಚಾಚಿದರೆ ನಿಲ್ಲುತ್ತಿತ್ತು. ತನ್ನ ಮೈಯಲ್ಲಿ ತಾನು ಹೇಳಿದರೆ ನಿಲ್ಲುವಂಥದ್ದು ಒಂದಾದರೂ ಇದೆಯಲ್ಲ ಎಂದು ಅವಳಿಗೆ ಅನ್ನಿಸಿತು. ಮನೆಯಲ್ಲೂ ದಿನಕ್ಕೊಮ್ಮೆ ಮಾಡಬಹುದೇ ಎಂದು ತಾನಾಗಿಯೇ ಕೇಳಿದಳು.

ಮಾದೇವಿ ಜೋಳ ಬೀಸಿಸಲು ಗಿರಣಿಗೆ ಹೋದ ಒಂದು ಮಧ್ಯಾಹ್ನ ಒಳಕೋಣೆಯಲ್ಲಿ ಕೌದಿ ಹಾಸಿ ಮಲಗಿದಳು. ಹೊಟ್ಟೆಯ ಕಟ್ಟು ಬಿಚ್ಚಿಟ್ಟಿದ್ದಳು. ಕೂಸು ಪಕ್ಕದಲ್ಲಿ ನಿದ್ದೆ ಮಾಡುತ್ತಿತ್ತು. ಮೊಣಕಾಲು ವಾಲಿದವು, ಉಸಿರು ಇಳಿಯಿತು, ನಡುಕ ಬಂತು. ಆ ದಿನ ಅದು ತೊಡೆಯಲ್ಲೇ ನಿಲ್ಲದೆ ಹೊಟ್ಟೆಗೆ ಏರಿತು, ಗಂಟಲಿಗೆ ಏರಿತು, ಹಲ್ಲು ಕಟಕಟ ಎಂದವು. ಕಣ್ಣಿಂದ ನೀರು ಕಿವಿಯತ್ತ ಹರಿಯಿತು. ದನಿ ಮಾತ್ರ ಇಲ್ಲ, ಎರಡು ವರ್ಷ ಬಾಯಿ ಮುಚ್ಚಿ ಕಲಿತ ಮೈ ಅದು. ಕೂಸು ಎದ್ದು ಅಳತೊಡಗಿದ್ದು ಅವಳಿಗೆ ಕೇಳಿಸಿತು. ಕಾಲು ಚಾಚಬೇಕು, ಎದ್ದೇಳಬೇಕು ಎಂದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಹಿಟ್ಟಿನ ಡಬ್ಬಿ ಬಿದ್ದ ಸದ್ದಾಯಿತು.

ಮಾದೇವಿ ಕಂಡದ್ದನ್ನು ಕಂಡ ಹಾಗೆ ಓದಿದಳು. ಹೊಟ್ಟೆಯ ಕಟ್ಟು ಬಿಚ್ಚಿದೆ, ಮೈ ನಡುಗುತ್ತಿದೆ, ಕಣ್ಣಲ್ಲಿ ನೀರು, ಪಕ್ಕದಲ್ಲಿ ಕೂಸು ಕಿರುಚುತ್ತಿದ್ದರೂ ಕೈ ಚಾಚಿಲ್ಲ. ಜೀವಮಾನವಿಡೀ ಯಾವುದಕ್ಕೆ ಹೆದರಿದ್ದಳೋ ಅದೇ ತನ್ನ ಮನೆಗೆ ಬಂದಿತ್ತು. ಮಗಳ ಕಡೆ ಹೋಗದೆ ಮೊದಲು ಕೂಸನ್ನು ಎತ್ತಿಕೊಂಡಳು, ಹೊರಗೆ ಹೋಗಿ ಬಾಗಿಲ ಚಿಲಕ ಹಾಕಿದಳು. ಇಳಕಲ್ಲಿನಲ್ಲಿದ್ದ ಅಳಿಯ ಗೌತಮನಿಗೆ ಫೋನ್ ಮಾಡಿ, ಮಗಳಿಗೆ ಸನ್ನಿ ಏರಿದೆ, ಕೂಸನ್ನು ಅವಳ ಹತ್ತಿರ ಬಿಡುವಂತಿಲ್ಲ, ಬಂದು ಒಯ್ಯಿರಿ ಎಂದು ಹೇಳಿದಳು.

ಬಾಗಿಲ ಒಳಗಡೆ ಕುಳಿತ ಭಾಗ್ಯಜ್ಯೋತಿಗೆ ಅಷ್ಟೂ ಕೇಳಿಸಿತು. ನಡುಕ ನಿಂತುಹೋಗಿತ್ತು. ಅವ್ವ ಹೇಳುವುದೇ ನಿಜವಿರಬಹುದು ಎಂದುಕೊಂಡಳು. ಹೆತ್ತದ್ದರ ಮುಖ ನೋಡಲಾರದವಳಿಗೆ ಇನ್ನೇನು ಹೆಸರು? ಒಯ್ಯಲಿ, ಕೂಸಿಗಾದರೂ ಒಳ್ಳೆಯದಾಗಲಿ, ಬಾವಿಯ ಭಯ ತಪ್ಪಲಿ. ಹಾಗೆಂದುಕೊಂಡಾಗ ಆದ ಹಗುರಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಸಂಜೆ ಪಡಸಾಲೆಯಲ್ಲಿ ಕೂಸು ಅತ್ತಾಗ ಕುಪ್ಪಸ ತೊಯ್ದುಹೋಯಿತು. ಹಾಲಿಗೆ ಮಾಯೆಯ ಹಂಗಿರಲಿಲ್ಲ. ಮಾದೇವಿ ಕೂಸನ್ನು ತಂದು ಎದೆಗೆ ಹಚ್ಚಿದಳು, ಕುಡಿದು ಮುಗಿಯುವ ತನಕ ಎದುರಿಗೇ ಕುಳಿತು ಮಗಳ ಎರಡೂ ಕೈಗಳನ್ನು ಕಾಯುತ್ತಿದ್ದಳು.

ಮರುದಿನ ಗೌತಮ ಬಂದ. ಜೊತೆಗೆ ಅವನ ಅಣ್ಣನ ಹೆಂಡತಿ ಜಯಶ್ರೀ, ಬಾಗಲಕೋಟೆಯ ನವನಗರದಿಂದ ಕಾರು ಮಾಡಿಕೊಂಡು ಬಂದಿದ್ದಳು. ಕೆಟ್ಟವಳಲ್ಲ ಜಯಶ್ರೀ. ಕೆಟ್ಟವಳಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು. ಹಾಲಿನ ಪುಡಿ, ಮೆತ್ತನೆ ಬಟ್ಟೆ ತಂದಿದ್ದಳು. ಕೂಸನ್ನು ಎತ್ತಿಕೊಂಡವಳು ಕೆಳಗೆ ಇಳಿಸಲಿಲ್ಲ. ತನ್ನ ಹೆಣ್ಣುಮಕ್ಕಳಿಬ್ಬರೂ ಸಾಲಿ ಬಿಟ್ಟ ಮೇಲೆ ಇದನ್ನೇ ಆಡಿಸುತ್ತಾರೆ, ಜ್ಯೋತಿ ಆರಾಮ ಆಗುವ ತನಕ ತಾನು ನೋಡಿಕೊಳ್ಳುತ್ತೇನೆ, ಆಮೇಲೆ ತಂದುಬಿಡುತ್ತೇನೆ ಎಂದಳು. ಮಾತಿನಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಭಾಗ್ಯಜ್ಯೋತಿ ನಡುಕ ವ್ಯಾಯಾಮದ್ದು ಎಂದಳು. ಮಾದೇವಿ, ನಡು ನೋವಿಗೆ ಮಾಡುವ ವ್ಯಾಯಾಮಕ್ಕೆ ಯಾರಾದರೂ ಅಳುತ್ತಾರೇನು ಎಂದು ಕೇಳಿದಳು.

ನೆಲ ನೋಡುತ್ತಿದ್ದ ಗೌತಮ, ನೀ ಏನ ಅಂತಿ ಎಂದು ಹೆಂಡತಿಯನ್ನು ಕೇಳಿದ. ಕೇಳಬೇಕಲ್ಲ ಎಂದು ಕೇಳಿದ್ದು. ಅವಳು ತಲೆಯಾಡಿಸುತ್ತಾಳೆ ಎಂದು ಎಲ್ಲರಿಗೂ ಗೊತ್ತಿತ್ತು. ಕಾರಿನವನು ಹೊರಗೆ ಕಾಯುತ್ತಿದ್ದ.

ಹೊರಸಿನ ಮೇಲೆ ಕುಳಿತಿದ್ದ ಭಾಗ್ಯಜ್ಯೋತಿಗೆ ಉಸಿರು ಪಕ್ಕೆಲುಬಿನ ಹತ್ತಿರ ಸಿಕ್ಕಿಕೊಂಡದ್ದು ತಿಳಿಯಿತು. ಮೊದಲಾದರೆ ಅದೂ ತಿಳಿಯುತ್ತಿರಲಿಲ್ಲ. ಕುಳಿತಲ್ಲೇ ನಡುವನ್ನು ಒಂದಿಷ್ಟು ಹಿಂದಕ್ಕೆ ವಾಲಿಸಿದಳು, ಯಾರಿಗೂ ಕಾಣದಷ್ಟು. ಉಸಿರು ಕೆಳಗಿಳಿಯಿತು. ಮೊಣಕಾಲು ನಡುಗತೊಡಗಿದವು. ಮಾದೇವಿ ಅದನ್ನು ನೋಡಿ, ನೋಡ್ರಿ ಎಂಬಂತೆ ಅಳಿಯನ ಮುಖ ನೋಡಿದಳು. ಭಾಗ್ಯಜ್ಯೋತಿ ಮೊಣಕಾಲನ್ನು ಹಿಡಿದುಕೊಳ್ಳಲಿಲ್ಲ.

"ನನಗ ಈ ಕೂಸಿನ ಮ್ಯಾಲ ಮಾಯಾ ಬಂದಿಲ್ಲ," ಎಂದಳು. "ಒಂದ ದಿನಾನೂ ಬಂದಿಲ್ಲ. ಅಕ್ಕಾ ಒಯ್ದರ ಚಲೋ ನೋಡಕೋತಾಳ, ಖರೆ. ಆದರ ಒಯ್ಯಬ್ಯಾಡ್ರಿ. ಮೊದಲಿಂದು ಹೆಂಗಿತ್ತಂತ ನನಗ ಯಾರೂ ತೋರಸಲಿಲ್ಲ. ಅದರ ಮುಖಾ ಗೊತ್ತಿಲ್ಲದ ಇದರ ಮುಖಾ ನೋಡಾಕ ನನಗ ಆಗವಲ್ದು."

ಗೌತಮ, ತಾನೂ ನೋಡಲಿಲ್ಲ, ಬಟ್ಟೆ ಸರಿಸಲು ಕೈ ಬರಲಿಲ್ಲ ಎಂದ. ಅದನ್ನು ಹೇಳಿ ಗೋಡೆಯ ಕಡೆ ತಿರುಗಿ ನಿಂತ.

"ನಾ ನೋಡೇನಿ," ಎಂದಳು ಮಾದೇವಿ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು.

"ಬಟ್ಟಿ ಸುತ್ತೂಕಿಂತ ಮೊದಲ ನರ್ಸಬಾಯಿ ನನ್ನ ಕೈಯಾಗ ಕೊಟ್ಟಿದ್ಲು. ತಲಿ ತುಂಬ ಕೂದಲಾ ಇತ್ತವ್ವಾ. ಹಣಿ ನಿಂದ. ನಿದ್ದಿ ಹತ್ತಿದ್ಹಂಗ ಇತ್ತು. ಬಲಗೈ ಮುಟಿಗಿ ಹಿಡದಿತ್ತು, ನಾ ಬೆರಳ ಬಿಡಿಸಿ ನೋಡಿದ್ನಿ. ಉಗುರು ಬೆಳದಿದ್ವು. ಯಾರ ಮುಂದ ಹೇಳಲಿ? ನಿನ್ನ ಮುಂದ ಹೆಂಗ ಹೇಳಲಿ?"

ಆಮೇಲೆ ಭಾಗ್ಯಜ್ಯೋತಿಯ ಗಂಟಲಿನಿಂದ ದನಿ ಬಂತು. ಅದು ಅಳುವಿನ ದನಿ ಎಂದು ಮೊದಲು ಯಾರಿಗೂ ಹೊಳೆಯಲಿಲ್ಲ, ದನ ಒದರಿದ ಹಾಗಿತ್ತು. ಓಣಿಯ ಹೆಂಗಸರು ಬಾಗಿಲಿಗೆ ಬಂದರು. ಮಾದೇವಿ ಅಭ್ಯಾಸದಿಂದ ಬಾಯಿ ತೆರೆದಳು, ಅಳಬ್ಯಾಡ ಎನ್ನಲು. ಮಾತು ಹೊರಡಲಿಲ್ಲ, ಅವಳೂ ಅಳುತ್ತಿದ್ದಳು. ಜಯಶ್ರೀ ಎದ್ದು ಹೋಗಿ ಬೀದಿಬಾಗಿಲು ಮುಚ್ಚಿ ಬಂದಳು. ಅವಳ ತೋಳಲ್ಲಿದ್ದ ಕೂಸು ಈ ಗದ್ದಲಕ್ಕೆ ಹೆದರಿ ಚೀರುತ್ತಿತ್ತು. ಹಿತ್ತಲಿಗೆ ಒಯ್ಯಲೆಂದು ಎರಡು ಹೆಜ್ಜೆ ಹಾಕಿದವಳು ನಿಂತಳು, ತಿರುಗಿ ಬಂದು ಅದನ್ನು ಭಾಗ್ಯಜ್ಯೋತಿಯ ಮಡಿಲಲ್ಲಿ ಹಾಕಿದಳು. ಮಾದೇವಿ ತಡೆಯಲಿಲ್ಲ.

ಮಾಯೆ ಬಂತೇ ಎಂದು ಕೇಳಿದರೆ, ಬರಲಿಲ್ಲ. ನಡುಗುವ ತೊಡೆಯ ಮೇಲೆ ಕೂಸೂ ನಡುಗುತ್ತಿತ್ತು. ಭಾಗ್ಯಜ್ಯೋತಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಬಗ್ಗಿದಳು. ಅತ್ತು ಕೆಂಪಾದ ಮುಖ, ತೆಳ್ಳನೆ ಕೂದಲು, ಗೌತಮನ ಅಗಲ ಹಣೆ. ಇದು ಬೇರೆ ಮುಖ. ಅದರದಲ್ಲ, ಇದರದೇ ಮುಖ. ಎಷ್ಟೋ ಹೊತ್ತು ನೋಡಿದಳು. ಆಮೇಲೆ ಮುಖ ಎತ್ತದೆ, ಇನ್ನೊಮ್ಮೆ ಹೇಳವ್ವಾ, ಅದರ ಕೂದಲಾ ಹೆಂಗಿತ್ತು ಎಂದು ಕೇಳಿದಳು. ಮಾದೇವಿ ಹೊರಸಿನ ಹತ್ತಿರ ನೆಲದ ಮೇಲೆ ಕುಳಿತು ಮೊದಲಿನಿಂದ ಹೇಳತೊಡಗಿದಳು.