ಅ ಅಂದರೆ ಅಸಲಿ

ಬೀದಿಯವರೆಲ್ಲ ಅವಳನ್ನು ಭೂತಗನ್ನಡಿ ಅಂತಲೇ ಕರೆಯುತ್ತಿದ್ದರು. ರಿಪೇರಿ ಅಂಗಡಿಯಲ್ಲಿ ಕೂತು, ಕೈಯಲ್ಲೊಂದು ಭೂತಗನ್ನಡಿ ಹಿಡಿದು, ಎಲೆಕ್ಟ್ರಿಕ್ ಗಿಟಾರು ಅಸಲಿಯೋ ನಕಲಿಯೋ ಹೇಳುವುದು ಅವಳ ಕಸುಬು. ಅವಳ ಚೀಟಿಯಲ್ಲಿ ಅಚ್ಚಾಗಿದ್ದದ್ದು ಎರಡೇ ಪದ: ಅಸಲಿ, ನಕಲಿ. ಪರೀಕ್ಷೆ ಮುಗಿದ ಮೇಲೆ ಒಂದನ್ನು ಹೊಡೆದುಹಾಕಿ ಕೈಗಿಡುತ್ತಿದ್ದಳು. ಎದುರಿಗಿದ್ದವರು ಅತ್ತರೂ ಅಷ್ಟೇ, ಗೋಗರೆದರೂ ಅಷ್ಟೇ. ಅಂಥ ಗಟ್ಟಿಗಿತ್ತಿ ಆ ಬೆಳಿಗ್ಗೆ ಬಾಗಿಲಲ್ಲಿ ತಮ್ಮನನ್ನು ಕಂಡು ಬೆವೆತುಹೋದಳು. ಅವನ ಹೆಗಲಲ್ಲಿ ಅಪ್ಪ ಕೊಟ್ಟ ನೀಲಿ ಗಿಟಾರಿತ್ತು.

ಆ ನೀಲಿ ಗಿಟಾರಿನ ಕಥೆ ಮೊದಲು ಹೇಳಿಬಿಡಬೇಕು. ಅಪ್ಪನೂ ಇದೇ ಅಂಗಡಿಯಲ್ಲಿ ಇದೇ ಕೆಲಸ ಮಾಡಿದವನು. ಅವನ ಬಳಿ ದೊಡ್ಡ ಕಂಪನಿಯ ನೀಲಿ ಗಿಟಾರೊಂದಿತ್ತು. ಅದನ್ನು ಎದುರಿಗಿಟ್ಟುಕೊಂಡು, ಒಂದು ವರ್ಷ ಕೂತು, ಥೇಟ್ ಅದರಂಥದೇ ಇನ್ನೊಂದನ್ನು ಕೈಯಾರೆ ಮಾಡಿದ. ಎರಡನ್ನೂ ಗೋಡೆಗೆ ನೇತುಹಾಕಿ, "ಯಾವುದು ಕಂಪನಿದು, ಹೇಳಿ ನೋಡೋಣ" ಎಂದು ಬಂದವರ ಪ್ರಾಣ ತಿನ್ನುತ್ತಿದ್ದ. ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಸಾಯುವ ಮುಂಚೆ ಮಗಳಿಗೊಂದು, ಮಗನಿಗೊಂದು ಕೊಟ್ಟ. ಮಗಳಿಗೆ ಕೊಡುವಾಗ ಕಿವಿಯ ಹತ್ತಿರ ಬಂದು, "ನಿಂದೇ ಅಸಲಿ. ತಮ್ಮನಿಗೆ ಹೇಳ್ಬೇಡ, ಪಾಪ, ನೊಂದ್ಕೋತಾನೆ" ಅಂದಿದ್ದ.

ಒಂಬತ್ತು ವರ್ಷ ಅವಳು ಬಾಯಿ ಬಿಡಲಿಲ್ಲ. ಅಪ್ಪ ತೀರಿಕೊಂಡ ವಾರ ಒಮ್ಮೆ ಮಾತ್ರ ತನ್ನ ಗಿಟಾರಿನ ನಾಲ್ಕು ಸ್ಕ್ರೂ ಬಿಚ್ಚಿ ಅದರ ಉದ್ದನೆಯ ಕುತ್ತಿಗೆಯನ್ನು ಮೈಯಿಂದ ಎತ್ತಿ ನೋಡಿದ್ದಳು. ಕುತ್ತಿಗೆಯ ಬುಡದಲ್ಲಿ ಕಂಪನಿಯ ಮೊಹರು. ಪಕ್ಕದಲ್ಲಿ ಅಪ್ಪನ ಪೆನ್ಸಿಲ್ಲಿನ ಒಂದೇ ಅಕ್ಷರ, ಅ. ಅ ಅಂದರೆ ಅಸಲಿ, ಮತ್ತಿನ್ನೇನು? ಮುಂದೆ ನೋಡುವ ಗೋಜಿಗೇ ಹೋಗದೆ ಮುಚ್ಚಿಬಿಟ್ಟಳು. ಊರವರ ಗಿಟಾರಿನ ಒಂದೊಂದು ಸ್ಕ್ರೂವನ್ನೂ ಕಳ್ಳನನ್ನು ನೋಡುವ ಹಾಗೆ ನೋಡುವವಳು, ತನ್ನದರ ಮಟ್ಟಿಗೆ ಅಷ್ಟಕ್ಕೇ ಒಪ್ಪಿಬಿಟ್ಟಳು. ಅಂದಿನಿಂದ ಮನಸ್ಸು ಚುಚ್ಚತೊಡಗಿತು. ತಮ್ಮನ ಮನೆಯ ಸೋರುವ ನಲ್ಲಿ, ತಮ್ಮನ ಮಗಳ ಲೆಕ್ಕದ ಪಾಠ, ತಮ್ಮನ ಹೆಂಡತಿಯ ಹಲ್ಲುನೋವು, ಎಲ್ಲಕ್ಕೂ ಇವಳೇ ಓಡಿದಳು. ಇಂಥ ಅಕ್ಕ ಯಾರಿಗುಂಟು ಎಂದು ಜನ ಹೊಗಳಿದಾಗ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯುತ್ತಿರಲಿಲ್ಲ.

"ಅಕ್ಕ, ಇದನ್ನ ಬಿಚ್ಚಿ ನೋಡು." ತಮ್ಮ ಗಿಟಾರನ್ನು ಮೇಜಿನ ಮೇಲಿಟ್ಟ. ಅವನು ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ಹಿಂದಿನ ದಿನ ಶಾಲೆಗೆ ಬಂದಿದ್ದ ವಾದಕನೊಬ್ಬ ಮಕ್ಕಳೆದುರಿಗೇ, ಇದರ ಕುತ್ತಿಗೆ ಕಂಪನಿಯದಲ್ಲ ಎಂದು ನಕ್ಕುಬಿಟ್ಟಿದ್ದನಂತೆ.

"ಯಾವನೋ ತಲೆಕೆಟ್ಟವನು, ಬಿಡೋ."

"ಬಿಡಕ್ಕಾಗಲ್ಲ. ಅಪ್ಪ ನಂಗೆ ಸುಳ್ಳು ಹೇಳಿದ್ನಾ ಇಲ್ವಾ, ಅಷ್ಟು ಗೊತ್ತಾಗ್ಬೇಕು."

"ನಿಂಗೇನು ಹೇಳಿದ್ದ?"

ತಮ್ಮ ನೆಲ ನೋಡಿದ. "ನಿಂದೇ ಅಸಲಿ, ಅಕ್ಕನಿಗೆ ಹೇಳ್ಬೇಡ, ಪಾಪ, ನೊಂದ್ಕೋತಾಳೆ ಅಂದಿದ್ದ. ಬೈಬೇಡ ಅಕ್ಕ. ನೀನು ನಮ್ಮನೇಲಿ ದುಡಿಯೋದು ನೋಡಿದಾಗೆಲ್ಲ ಕರುಳು ಚುರ್ ಅಂತಿತ್ತು."

ಓಹೋ! ಇವನು ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ಬಂದು ಅಂಗಡಿ ಗುಡಿಸಿ, ಗಾಜು ಒರೆಸಿ, ಬೇಡ ಬೇಡ ಅಂದರೂ ಹೊರೆಗಟ್ಟಲೆ ಹಳೇ ಸ್ಪೀಕರು ಹೊತ್ತು ಗುಜರಿಗೆ ಹಾಕಿ ಬರುತ್ತಿದ್ದದ್ದು ಇದಕ್ಕೇ! ನಗಬೇಕೋ ಅಳಬೇಕೋ ಗೊತ್ತಾಗದೆ ಅವಳು ಸ್ಕ್ರೂಡ್ರೈವರ್ ಹುಡುಕಿದಳು. ಅದು ಅವಳ ಕೈಯಲ್ಲೇ ಇತ್ತು. ಬಿಚ್ಚಿದರೆ ಒಳಗೆ "ನ" ಇರುತ್ತದೆ, ಅಪ್ಪ ಸುಳ್ಳುಗಾರನಾಗುತ್ತಾನೆ, ತಮ್ಮ ಇಲ್ಲೇ ಕುಸಿಯುತ್ತಾನೆ ಎಂಬುದು ಅವಳಿಗೆ ಖಾತ್ರಿಯಾಗಿತ್ತು.

ಬಿಚ್ಚಿದಳು. ಕುತ್ತಿಗೆಯ ಬುಡದಲ್ಲಿ ಮೊಹರಿರಲಿಲ್ಲ. ಎಡಗಡೆಗೆ ವಾಲಿದ ಉಳಿಯ ಗೀರುಗಳಿದ್ದವು. ಅಪ್ಪ ಎಡಚ, ಅದು ಅವನ ಕೈಯೇ. ಪಕ್ಕದಲ್ಲಿ ಪೆನ್ಸಿಲ್ ಅಕ್ಷರ. ಆದರೆ ಅದು "ನ" ಅಲ್ಲ, "ತ".

ತ? ತಪ್ಪು? ತಗಡು? ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಗಿಟಾರಿನ ಮೈಯಲ್ಲಿ ಕುತ್ತಿಗೆ ಕೂರುವ ಗುಳಿಯ ಮೇಲೆ ಭೂತಗನ್ನಡಿ ಹಿಡಿದಳು. ಅಲ್ಲಿ ಕಂಪನಿಯ ಮೊಹರು ಢಾಳಾಗಿ ಕೂತಿತ್ತು! ಮತ್ತೆ ಕುತ್ತಿಗೆ ನೋಡಿದಳು, ಮತ್ತೆ ಮೈ ನೋಡಿದಳು. ಎದ್ದು ಹೋಗಿ ಗೋಡೆಯಿಂದ ತನ್ನ ಗಿಟಾರನ್ನೂ ಇಳಿಸಿ ಬಿಚ್ಚಿದಳು. ಕುತ್ತಿಗೆಯಲ್ಲಿ ಅದೇ ಮೊಹರು, ಅದೇ "ಅ". ಅಂದು ನೋಡದೆ ಬಿಟ್ಟ ಗುಳಿಯಲ್ಲಿ ಈಗ ಕಂಡದ್ದು ಎಡಗಡೆಗೆ ವಾಲಿದ ಉಳಿಯ ಗೀರು.

"ತ ಅಂದ್ರೆ ತಮ್ಮ ಕಣೋ," ಅಂದಳು. "ಅ ಅಂದ್ರೆ ಅಕ್ಕ. ನಾನು ಅಸಲಿ ಅಂದ್ಕೊಂಡಿದ್ದೆ." ತನಗೂ ಅಪ್ಪ ಅದೇ ಮಾತು ಹೇಳಿದ್ದನೆಂದು ಒಪ್ಪಿಕೊಂಡಳು.

"ಹಾಗಾದ್ರೆ ಯಾರಿಗೆ ಸುಳ್ಳು ಹೇಳಿದ?"

"ಇಬ್ರಿಗೂ ಅರ್ಧರ್ಧ. ಎರಡರ ಕುತ್ತಿಗೆ ಅದಲುಬದಲು ಮಾಡಿಟ್ಟಿದ್ದಾನೆ."

ತಮ್ಮ ಎರಡೂ ಕುತ್ತಿಗೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ. ಕೊನೆಗೆ ಹೇಳಿದ, "ನಾಲ್ಕು ಸ್ಕ್ರೂ ಕೆಲಸ ತಾನೇ? ನಿನ್ನ ಗಿಟಾರಿನ ಕುತ್ತಿಗೆ ನನ್ನದರ ಮೈಗೆ ಹಾಕು, ಪೂರ್ತಿ ಅಸಲಿ ಒಂದಾಗುತ್ತೆ. ನೀನೇ ಇಟ್ಕೊ."

"ಬೇಡಪ್ಪ. ಮಕ್ಕಳೆದುರು ನುಡಿಸೋನು ನೀನು. ನೀನೇ ಇಟ್ಕೊ."

"ಇಲ್ಲ ಇಲ್ಲ, ನಿಂಗೇ."

ಹೀಗೆ ಹೇಳುತ್ತಲೇ ಇಬ್ಬರ ಕೈಯೂ ಮೇಜಿನ ಮೇಲೆ ಉಳಿದ ಇನ್ನೊಂದು ಜೋಡಿಯ ಮೇಲೆ ಬಿತ್ತು. ಅಪ್ಪ ಕೆತ್ತಿದ ಕುತ್ತಿಗೆ ತಮ್ಮನ ಮುಷ್ಟಿಯಲ್ಲಿತ್ತು, ಅಪ್ಪ ಕೆತ್ತಿದ ಮೈ ಅಕ್ಕನ ಕಂಕುಳಲ್ಲಿತ್ತು.

"ಅದು ನಕಲಿ ಅಲ್ವೇನೋ, ಬಿಡು. ನಂಗಿರ್ಲಿ."

"ನಕಲಿ ನಿಂಗ್ಯಾಕೆ? ಊರಿಗೆಲ್ಲ ನಕಲಿ ಅಂತ ಹೊಡೆದುಹಾಕೋಳು ನೀನು!"

ಒಂಬತ್ತು ವರ್ಷದಲ್ಲಿ ಮೊದಲ ಸಲ ಅಕ್ಕ ತಮ್ಮ ಬಾಯಿಗೆ ಬಾಯಿ ಕೊಟ್ಟು ಜಗಳವಾಡಿದರು. ಯಾರೂ ಸೋಲಲಿಲ್ಲ. ಕೊನೆಗೆ ಅವಳು ಬೇರೆ ದಾರಿ ಕಾಣದೆ, ಅಪ್ಪ ಕೊಟ್ಟಾಗ ಇದ್ದ ಹಾಗೇ, "ಅ"ವನ್ನು ಅದರ ಮೈಗೆ, "ತ"ವನ್ನು ಅದರ ಮೈಗೆ ಸೇರಿಸಿ ಸ್ಕ್ರೂ ಬಿಗಿದಳು. ಅಭ್ಯಾಸಬಲದಿಂದ ಚೀಟಿ ತೆಗೆದು ಪೆನ್ನು ಹಿಡಿದಳು. ಯಾವುದನ್ನು ಹೊಡೆಯುವುದು? ಅಸಲಿಯ ಮೇಲೆ ಹೋದ ಪೆನ್ನು ನಕಲಿಗೆ ಬಂತು, ನಕಲಿಯಿಂದ ಅಸಲಿಗೆ ಹೋಯಿತು.

ತಮ್ಮ ಗಿಟಾರು ಹೆಗಲಿಗೇರಿಸಿಕೊಂಡ. ಅವಳಿಗೆ ಇದ್ದಕ್ಕಿದ್ದಂತೆ ಹೆದರಿಕೆಯಾಯಿತು. ಇಬ್ಬರ ಮನಸ್ಸು ಚುಚ್ಚುವುದೂ ನಿಂತಿತಲ್ಲ, ಇನ್ನು ಇವನು ಯಾಕೆ ಬರುತ್ತಾನೆ?

"ಭಾನುವಾರ ಬರ್ತೀಯೇನೋ?"

"ಬರ್ದೆ ಇರ್ತೀನಾ?" ಅವನು ಬಾಗಿಲಲ್ಲಿ ತಿರುಗಿದ. "ಅಪ್ಪನ ಅರ್ಧ ಇಲ್ಲೇ ಇದೆಯಲ್ಲ."

ಅವನು ಹೋದ ಮೇಲೂ ಅವಳು ಚೀಟಿ ಹಿಡಿದುಕೊಂಡೇ ಕೂತಿದ್ದಳು. ಎರಡು ಪದವೂ ಹಾಗೇ ಇದ್ದವು.