ಇಲಿಯ ಬೆನ್ನಿನ ಕಪ್ಪು ಚುಕ್ಕೆ

ನರೋಣಾದಲ್ಲಿ ಬಸ್ಸಿಳಿದು ಮನೆ ಹೊಕ್ಕ ಜಗದೇವನಿಗೆ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಪಕ್ಕದಲ್ಲಿ ಮೂರನೆಯದೊಂದು ಫೋಟೊ ಕಂಡಿತು. ಇಲಿಯ ಬೆನ್ನುಹುರಿಯ ಎಂಆರ್‌ಐ ಚಿತ್ರ! ಹಿಂದಿನ ಚಳಿಗಾಲದಲ್ಲಿ ಹೈದರಾಬಾದಿನ ಪ್ರಯೋಗಾಲಯದಿಂದ ಅವನೇ ಮೊಬೈಲಿಗೆ ಕಳಿಸಿದ್ದು. ಅವ್ವ ಅಂಬುಬಾಯಿ ಅದಕ್ಕೆ ಕಟ್ಟು ಹಾಕಿಸಿ, ಮುಂದೆ ಮೇಣದ ಬತ್ತಿ ಹಚ್ಚಿಟ್ಟಿದ್ದಳು.

ತಂಗಿ ಮೈತ್ರಿ ತೊಗರಿ ಹೇರಿದ ಟ್ರ್ಯಾಕ್ಟರಿನಿಂದ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡಂದಿನಿಂದ ಅವನಿಗೆ ಒಂದೇ ಧ್ಯಾನ. ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ ಇಂಗಾಲದ ನಳಿಕೆಗಳನ್ನು ಜೀವಕೋಶಗಳೊಳಗೆ ತುಂಬುವುದು, ಹುರಿ ಮತ್ತೆ ಬೆಸೆಯಲೆಂದು ಆ ಕೋಶಗಳನ್ನು ಇಲಿಯ ತುಂಡಾದ ಬೆನ್ನುಹುರಿಗೆ ಬಿಡುವುದು. ನಳಿಕೆ ಬರೀ ಗುರುತಿಗೆ; ಅದು ಇದ್ದಲ್ಲಿ ಎಂಆರ್‌ಐ ಚಿತ್ರ ಕಪ್ಪಾಗುತ್ತದೆ. "ಕಪ್ಪ ಕಂಡಲ್ಲಿ ಜೀವ ಅದ ಯವ್ವಾ!" ಎಂದು ಅಂದು ಫೋನಿನಲ್ಲಿ ಕೂಗಿದ್ದ.

ಮೈತ್ರಿ ನೆಲದ ಮೇಲೆ ಕೌದಿ ಹಾಸಿಕೊಂಡು ಗೋಡೆಗೆ ಒರಗಿದ್ದಳು.

"ಗಾಲಿ ಕುರ್ಚಿ ಎಲ್ಲದ?" ಎಂದ.

"ಗೊಬ್ಬೂರ ಹುಲೆಪ್ಪಗ ಕೊಟ್ಟೆ. ಪಾಪ, ಲಕ್ವಾ ಹೊಡದದ. ನಾಳಿ ನಡ್ಯಾ ಹುಡಿಗಿಗಿ ಅದ್ಯಾಕ ಬೇಕು?" ಎಂದಳು ಅವ್ವ, ಮುಖದ ತುಂಬ ನಗು.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದವನು ಅವನೇ. ಅವ್ವನನ್ನು ಬೈದು ಏನು ಬಂತು? ಬಂದ ಸುದ್ದಿ ಹೇಳದೆ ಮುಂದಿನ ಬಸ್ಸಿಗೆ ತಿರುಗಿಬಿಡೋಣ ಅನ್ನಿಸಿತು. ತನ್ನ ಹೇಡಿತನಕ್ಕೆ ತಾನೇ ಹೇಸಿದ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಅನ್ನುತ್ತಾರಲ್ಲ, ಕಪ್ಪಗಿದ್ದದ್ದೆಲ್ಲ ಜೀವವೂ ಅಲ್ಲವೆಂದು ಅವನು ಕಲಿತದ್ದು ಹೋದ ವಾರ, ಆ ಇಲಿಯನ್ನು ಕೊಯ್ದು ನೋಡಿದಾಗ.

"ಯವ್ವಾ, ಕುರಿಗಿ ಬಣ್ಣ ಹಚ್ಚಿ ಬಿಟ್ಟಂಗ ಆ ಕೋಶ ಬಿಟ್ಟಿದ್ದೆ. ಕುರಿ ಸತ್ತು, ತೋಳ ತಿಂತು. ಬಣ್ಣ ತೋಳದ ಹೊಟ್ಟ್ಯಾಗ ಅದ. ಅದನ್ನ ನೋಡಿ ಕುರಿ ಬದಕ್ಯದ ಅಂತ ತಿಳದೆ."

"ಅಂದ್ರ?"

"ನಾ ಬಿಟ್ಟ ಕೋಶ ಒಂದೂ ಉಳದಿಲ್ಲ. ಸತ್ತ ಕೋಶ ತಿಂದು ಸ್ವಚ್ಛ ಮಾಡೋ ಬ್ಯಾರೆ ಕೋಶ ಇರ್ತಾವ, ಅವು ಆ ನಳಿಕಿ ಮಸಿ ನುಂಗಿ ಕುಂತಾವ. ಫೋಟೊದಾಗ ಕಂಡಿದ್ದು ಬರೇ ಆ ಮಸಿ."

ಅಂಬುಬಾಯಿ ಗೋಡೆ ಹಿಡಿದು ಎದ್ದು, ಫೋಟೊ ಇಳಿಸಲು ಕೈ ಚಾಚಿದಳು.

"ಅದು ಇರ್ಲಿ ಬಿಡ್ಬೇ," ಎಂದಳು ಮೈತ್ರಿ. ಅವಳ ಕಣ್ಣು ಒಣಗಿದ್ದವು. "ಅಣ್ಣಾ, ಮೊದಲು ನನ್ನ ಬಚ್ಚಲಕ್ಕ ಒಯ್ಯಿ. ಎತ್ತಿ ಎತ್ತಿ ಅವ್ವನ ಸೊಂಟ ಹಿಡದದ. ನೀ ಬರ್ತಿ ಅಂತ ಮುಂಜಾನಿಂದ ತಡಕೊಂಡು ಕುಂತೀನಿ."

ಜಗದೇವ ಬಗ್ಗಿ ಅವಳನ್ನು ಎತ್ತಿಕೊಂಡ. ಬಚ್ಚಲಿನವರೆಗೂ ಅವಳ ಕಾಲುಗಳು ಅವನ ತೊಡೆಗೆ ಬಡಿಯುತ್ತಲೇ ಇದ್ದವು.